ನೆಲಕ್ಕಿಳಿಸಿದ ಕೈ

"ಇದನ್ನು ಆಚೆ ಇಡಿ" ಎಂದು ಎರ್ವಿನ್ ಆ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ನಾನು ಅವಳ ಮುಖಕ್ಕೆ ಬಣ್ಣ ಹಚ್ಚಿದವನು. ಕಾಲು ಕಟ್ಟಿದ್ದು ಯಾರು ಅಂತ ನನ್ನನ್ನು ಕೇಳಿದರೆ ಏನು ಹೇಳಲಿ?"

ನಾನು ಅದನ್ನು ಮತ್ತೆ ತಿರುಗಿಸಲಿಲ್ಲ. ನನಗೂ ನೋಡುವ ಆಸೆ ಇರಲಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಸಿನಿಮಾಕ್ಕೆ ದುಡಿದು ಮುದುಕರಾದವರಿಗೆಂದೇ ಇರುವ ಆಶ್ರಮ ಅದು. ಹೊರಗೆ ಗುಲಾಬಿ ಗಿಡ, ಒಳಗೆ ಗಾಲಿಕುರ್ಚಿ, ಗೋಡೆ ತುಂಬ ಈಗ ಯಾರಿಗೂ ನೆನಪಿಲ್ಲದ ಮುಖಗಳು. ಆ ಮುಖಗಳಲ್ಲಿ ಹೆಡ್ಡಾ ವೀಗಾಂಡಳದ್ದೂ ಒಂದು. ಜರ್ಮನಿಯ ರಂಗಭೂಮಿಯಿಂದ ಹಾಲಿವುಡ್ಡಿಗೆ ಬಂದವಳು, ಎತ್ತಿದ ಗಲ್ಲ, ಯಾರನ್ನೋ ಬೈಯಲು ಹೊರಟಂತಿದ್ದ ಹುಬ್ಬು.

ಹೆಡ್ಡಾ ಸತ್ತದ್ದು ಸ್ಯಾನ್ ಡಿಯಾಗೋದ ಸಮುದ್ರದಂಚಿನ ಲಾ ಹೋಯಾದ ತನ್ನ ಫ್ಲಾಟಿನಲ್ಲಿ, 1990ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಒಂದು ಶನಿವಾರ ಹಗಲು. ಆಕೆಯನ್ನು ನೋಡಿಕೊಳ್ಳುತ್ತಿದ್ದ ಮಾರಿಸೋಲ್ ಸಂಜೆ ಬಂದು ಹೆಣ ಕಂಡು ಕೂಗಿಕೊಂಡಳು. ಬಾಗಿಲಿಗೆ ಬೀಗ ಬಿದ್ದಿತ್ತು, ಇನ್ನೊಂದು ಕೀ ಇದ್ದದ್ದು ಅವಳೊಬ್ಬಳ ಹತ್ತಿರ ಎಂದು ಪೊಲೀಸರು ಅವಳನ್ನೇ ಹಿಡಿದು ಒಳಗೆ ಹಾಕಿದರು. ಅವಳ ಪರವಾಗಿ ವಾದಿಸುವ ಲಾಯರ್ ಕ್ಯಾರಲ್. ಕ್ಯಾರಲ್ ಆಫೀಸಿಗೆ ಸಾಕ್ಷಿ ಹುಡುಕಿ ತರುವವಳು ನಾನು, ಭಾನುಮತಿ. ಬಸವನಗುಡಿಯ ಹೆಂಗಸು, ಸ್ಯಾನ್ ಡಿಯಾಗೋದಲ್ಲಿ ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸಿ ಸಂಬಳ ತೆಗೆದುಕೊಳ್ಳುತ್ತೇನೆ.

ಬೋರಲು ಬಿದ್ದಿದ್ದರೂ ಆ ಫೋಟೋ ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೆಡ್ಡಾ ಹಾಸಿಗೆಯಲ್ಲಿಲ್ಲ, ನೆಲದ ಮೇಲೆ ಅಂಗಾತ ಮಲಗಿದ್ದಾಳೆ. ತಲೆ ದಕ್ಷಿಣಕ್ಕೆ. ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ ಬಿಳಿ ದಾರದಿಂದ ಕಟ್ಟಿದೆ. ತಲೆಯ ಹತ್ತಿರ ಒಂದು ಸಾಸರಿನಲ್ಲಿ ಉರಿದು ಆರಿದ ಹತ್ತಿಬತ್ತಿ. ತುಟಿಯಂಚಿನಲ್ಲಿ ಪುಟ್ಟದೊಂದು ಕಪ್ಪು ಎಲೆ.

ಪೊಲೀಸರು ಇದನ್ನು ಮಾಟ ಅಂದರು. ಇದು ಯಾವ ಪಂಥದವರ ಕೆಲಸ, ನಿನಗೇನಾದರೂ ಗೊತ್ತಾ ಎಂದು ಕ್ಯಾರಲ್ ಕೇಳಿದಾಗ ನಾನು ಗೊತ್ತಿಲ್ಲ ಅಂದೆ.

ಗೊತ್ತಿಲ್ಲವಂತೆ. ತಾತ, ಅಜ್ಜಿ, ಅಪ್ಪ, ಮೂವರನ್ನೂ ಹೀಗೇ ಇಳಿಸಿದ್ದನ್ನು ಕಣ್ಣಾರೆ ಕಂಡವಳು ನಾನು. ಉಸಿರು ಹೋಗುವ ಹೊತ್ತಿಗೆ ಮಂಚದಿಂದ ನೆಲಕ್ಕಿಳಿಸುವುದು, ಬಾಯಿಗೆ ತುಳಸಿ ನೀರು ಬಿಡುವುದು, ಹೋದಮೇಲೆ ಕಾಲ್ಬೆರಳು ಕಟ್ಟಿ ತಲೆದೆಸೆಗೆ ದೀಪ ಹಚ್ಚುವುದು. ಆ ಮನೆಯೊಳಗೆ ನಮ್ಮವರು ಯಾರೋ ಹೋಗಿದ್ದರು ಎಂದು ಫೋಟೋ ಕಂಡ ತಕ್ಷಣ ತಿಳಿಯಿತು. ನಮ್ಮವರ ಮಾನ ಹೋಗುತ್ತದಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಅಲ್ಲಿ ಮಾರಿಸೋಲ್ ಜೈಲಿನ ಗಾಜಿನಾಚೆ ಕೂತು, ಅಜ್ಜಿಯ ಕಾಲು ಯಾಕೆ ಕಟ್ಟಿದರು, ಅವರಿಗೆ ನೋವಾಯಿತೇನೋ ಅಂತ ನನ್ನನ್ನೇ ಕೇಳುತ್ತಿದ್ದಳು. ಥೂ ನನ್ನ ಜನ್ಮಕ್ಕೆ.

ಆ ಎಲೆಯಂತೂ ನನ್ನ ಕೈಯಲ್ಲೇ ಹುಟ್ಟಿದ್ದು. ಕೃಷ್ಣ ತುಳಸಿ. ಊರಿಂದ ಬೀಜ ತಂದು, ಗ್ಯಾರೇಜಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಮಗುವಿನ ಹಾಗೆ ಸಾಕಿದ್ದೆ. ಕನ್ನಡ ಸಂಘದ ಅರ್ಧ ಜನ ಸಸಿ ತೆಗೆದುಕೊಂಡು ಹೋದರು, ಎಲ್ಲರದ್ದೂ ಚಳಿಗೆ ಸತ್ತಿತು. ನನ್ನದು ಬಿಟ್ಟರೆ ಉಳಿದದ್ದು ಒಂದೇ, ದೀಪಾವಳಿಯಲ್ಲಿ ಉಮಕ್ಕನಿಗೆ ಕೊಟ್ಟದ್ದು. ಉಮಕ್ಕ ಎಂದರೆ ಉಮಾವತಿ, ಉಡುಪಿ ಕಡೆಯವರು. ಹೆಡ್ಡಾ ಇದ್ದ ಕಟ್ಟಡದಲ್ಲೇ ಕೆಳಗಿನ ಫ್ಲಾಟು.

ಹಾಗಾಗಿ ನನ್ನ ಅನುಮಾನ ಯಾರ ಮನೆ ಬಾಗಿಲಲ್ಲಿ ಹೋಗಿ ನಿಂತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಎರ್ವಿನ್ ಹತ್ತಿರ ಬಂದದ್ದು ಅದನ್ನು ಸುಳ್ಳು ಮಾಡಿಕೊಳ್ಳುವ ಆಸೆಯಿಂದ.

"ಹೆಡ್ಡಾ ಬಗ್ಗೆ ಹೇಳಿ" ಎಂದೆ.

ಎರ್ವಿನ್ ಹೇಳಿದರು. ಮೇಕಪ್ಪಿನವರ ಹತ್ತಿರ ಎಂಥವರೂ ಬಾಯಿ ಬಿಡುತ್ತಾರಂತೆ, ಕನ್ನಡಿಯ ಮುಂದೆ ಕೂತವರಿಗೆ ಸುಳ್ಳು ಹೇಳುವುದು ಕಷ್ಟವಂತೆ.

ಹ್ಯಾಂಬರ್ಗಿನ ದರ್ಜಿಯ ಮಗಳು. ಬರ್ಲಿನ್ನಿನ ಒಂದು ನಾಟಕ ಕಂಪನಿಯಲ್ಲಿ ತಟ್ಟೆ ಹಿಡಿದು ಬರುವ ಕೆಲಸದವಳ ಪಾತ್ರ ಮಾಡುತ್ತಿದ್ದಳು. ಅದೇ ನಾಟಕದ ನಾಯಕಿ ರೂತ್. ಇಬ್ಬರಿಗೂ ಒಂದೇ ಬಾಡಿಗೆ ಕೋಣೆ, ಒಂದೇ ಒಳ್ಳೆಯ ಕೋಟು. ಹೆಡ್ಡಾಳಿಗೆ ಮಾತು ಹೇಳುವುದು, ಉಸಿರು ಹಿಡಿಯುವುದು, ಬಿದ್ದು ಸಾಯುವುದು, ಎಲ್ಲವನ್ನೂ ಕಲಿಸಿದ್ದು ರೂತ್. ಹಿಟ್ಲರ್ ಬಂದ ವರ್ಷ ರೂತ್ ಯಹೂದಿ ಎಂದು ಕಂಪನಿಯವರು ಅವಳ ಹೆಸರು ಹೊಡೆದುಹಾಕಿದರು. ಆ ಸಂಜೆಯೇ ಆಟ ಇತ್ತು. ನಾಯಕಿಯ ಮಾತೆಲ್ಲ ಬಾಯಿಪಾಠ ಇದ್ದದ್ದು ಹೆಡ್ಡಾಳಿಗೆ.

"ಒಲ್ಲೆ ಅನ್ನಬಹುದಿತ್ತು" ಎಂದರು ಎರ್ವಿನ್. "ಅನ್ನಲಿಲ್ಲ. ರೂತಳ ಉಡುಪನ್ನೇ ಹಾಕಿಕೊಂಡಳು. ಹೊಲಿಗೆ ಕೂಡ ಬಿಚ್ಚಬೇಕಾಗಲಿಲ್ಲ, ಇಬ್ಬರದೂ ಒಂದೇ ಅಳತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೂತ್ ಹಿಂಬಾಗಿಲಲ್ಲಿ ಕಾಯುತ್ತಿದ್ದಾಳೆ ಅಂತ ಯಾರೋ ಬಂದು ಹೇಳಿದರು. ಹೆಡ್ಡಾ ಮುಂಬಾಗಿಲಿನಿಂದ ಮನೆಗೆ ಹೋದಳು."

ಆಮೇಲೆ ರೂತಳನ್ನು ಯಾರೂ ಕಾಣಲಿಲ್ಲ. ಹೆಡ್ಡಾಳಿಗೆ ಹೆಸರು ಬಂತು, ಜರ್ಮನ್ ಸಿನಿಮಾ ಬಂತು, ಪೋಸ್ಟರಿನಲ್ಲಿ ಮುಖ ಬಂತು. ಕೆಲವು ವರ್ಷಕ್ಕೆ ಎಲ್ಲ ಬಿಟ್ಟು ಲಾಸ್ ಏಂಜಲೀಸಿಗೆ ಓಡಿಬಂದಳು. ಇಲ್ಲಿಯವರಿಗೆ ಬೇಕಾಗಿದ್ದದ್ದು ಅವಳ ಉಚ್ಚಾರ ಮಾತ್ರ. ಯುದ್ಧದ ಸಿನಿಮಾಗಳಲ್ಲಿ ನಾಜಿ ಅಧಿಕಾರಿಯ ಹೆಂಡತಿ, ಗೂಢಚಾರಿಣಿ, ಕ್ಯಾಂಪಿನ ಮೇಲ್ವಿಚಾರಕಿ. ಕೊಟ್ಟದ್ದನ್ನೆಲ್ಲ ಮಾಡಿದಳು. ಬೇರೆ ನಟಿಯರು ಬೇಡ ಅಂದ ಪಾತ್ರವನ್ನೂ ಕೇಳಿ ತೆಗೆದುಕೊಳ್ಳುತ್ತಿದ್ದಳಂತೆ. ನಾನು ಯಾರು ಅಂತ ಇವರಿಗೆ ಸರಿಯಾಗಿ ಗೊತ್ತಾಗಿದೆ ಎಂದು ಕನ್ನಡಿ ನೋಡಿ ಹೇಳಿಕೊಳ್ಳುತ್ತಿದ್ದಳಂತೆ. ರಂಗದ ಮೇಲೆ ಮಾತ್ರ ಮತ್ತೆ ಕಾಲಿಡಲಿಲ್ಲ.

"ಹಾಸಿಗೆಯ ಮೇಲೆ ಸಾಯುವುದು ನಟನೆಯಲ್ಲ ಅನ್ನುತ್ತಿದ್ದಳು" ಎಂದು ಎರ್ವಿನ್ ಸ್ವಲ್ಪ ನಕ್ಕರು. "ನೆಲಕ್ಕೆ ಬೀಳಬೇಕಂತೆ. ರೂತ್ ಕಲಿಸಿದ್ದು ಹಾಗೆ."

ನಾನು ಎದ್ದು ಪರ್ಸು ಹೆಗಲಿಗೆ ಹಾಕಿಕೊಂಡೆ. ಆಗ ಅವರು, ಏನೋ ನೆನಪಾದವರಂತೆ, ಹೊಸ ವರ್ಷಕ್ಕೆ ಹೆಡ್ಡಾ ಫೋನ್ ಮಾಡಿದ್ದಳು ಎಂದರು.

"ರೂತಳ ವಿಷಯ ನನ್ನ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಇನ್ನೊಬ್ಬರಿಗೆ ಹೇಳಿದೆ ಅಂದಳು. ನಿಮ್ಮ ದೇಶದ ಗಂಡಸು. ಶನಿವಾರ ಶನಿವಾರ ಬರುತ್ತಾನಂತೆ. ಹೆಸರು ಹೇಳಲಿಲ್ಲ. ನನ್ನ ನಟ ಅನ್ನುತ್ತಿದ್ದಳು."

ಬೋರಲು ಬಿದ್ದಿದ್ದ ಫೋಟೋವನ್ನು ಪರ್ಸಿಗೆ ತುರುಕಿ ಹೊರಟೆ.

*

ಹೈವೇಯಲ್ಲಿ ಕಾರುಗಳು ಇರುವೆ ಸಾಲಿನ ಹಾಗೆ ತೆವಳುತ್ತಿದ್ದವು. ಸ್ಟಿಯರಿಂಗ್ ಹಿಡಿದು ಕೂತ ನನಗೆ ಒಬ್ಬರೇ ಕಣ್ಣ ಮುಂದೆ ಬರುತ್ತಿದ್ದರು. ಉಮಕ್ಕನ ಗಂಡ ಕೃಷ್ಣರಾಜರು. ಸಮುದ್ರ ಸಂಶೋಧನೆಯ ದೊಡ್ಡ ವಿಜ್ಞಾನಿ, ಸಂಘದ ನಾಟಕಗಳಿಗೆಲ್ಲ ಅವರೇ ಡೈರೆಕ್ಟರು, ಅವರೇ ನಟರು. ರಾಜ್ಯೋತ್ಸವದ ನಾಟಕಕ್ಕೆ ಹೆಡ್ಡಾಳನ್ನು ಕರೆತಂದು ನಮ್ಮವರಿಗೆಲ್ಲ ತರಬೇತಿ ಕೊಡಿಸಿದ್ದು ಅವರೇ. ಕನ್ನಡ ಬಾರದ ಮುದುಕಿ, ಕುರ್ಚಿಯಲ್ಲಿ ಕೂತು, ಮಾತಿನ ಧಾಟಿಯಲ್ಲೇ ಸುಳ್ಳು ಎಲ್ಲಿದೆ ಎಂದು ಹಿಡಿಯುತ್ತಿದ್ದಳು.

ಆ ನಾಟಕದ ನೆನಪೇ ನನಗೆ ಬೇಡ. ಹೀರೋ ಪಾತ್ರ ನಮ್ಮನೆಯವರದ್ದು. ಮೂರನೆಯ ದೃಶ್ಯದಲ್ಲಿ ಮಾತು ಮರೆತು, ಇಡೀ ಸಂಘದ ಎದುರು ಬಾಯಿ ತೆರೆದು ನಿಂತುಬಿಟ್ಟರು. ಸೈಡ್ ವಿಂಗಿನಿಂದ ಉಮಕ್ಕ ಪಿಸುಗುಟ್ಟಿದ್ದು ಕೊನೆಯ ಸಾಲಿಗೂ ಕೇಳಿಸಿತು, ಇವರಿಗೆ ಮಾತ್ರ ಕೇಳಿಸಲಿಲ್ಲ. ಯಾರೋ ನಕ್ಕರು. ಮನೆಗೆ ಬಂದಮೇಲೆ ನಾನೂ ನಕ್ಕೆ. ಅವತ್ತಿನಿಂದ ಇವರು ನಾಟಕ ಎಂಬ ಮಾತೆತ್ತಿದರೆ ಎದ್ದು ಹೋಗುತ್ತಾರೆ.

ಕೃಷ್ಣರಾಜರು ಎಂದಾದರೆ ಸಂಘದಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಬೇಕಾಗಿರಲಿಲ್ಲ. ಆದರೆ ಕ್ಯಾರಲ್ ಹೇಳಿದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೆಣ ಪರೀಕ್ಷೆ ಮಾಡಿದ ಡಾಕ್ಟರ ಪ್ರಕಾರ ಆ ಎಲೆಯ ಚೂರು ಗಂಟಲಿನೊಳಗೂ ಇತ್ತು. ಎಂದರೆ ಹೆಡ್ಡಾ ನೀರನ್ನು ನುಂಗಿದ್ದಾಳೆ. ನುಂಗುವಾಗ ಜೀವ ಇತ್ತು. ಸತ್ತದ್ದು ಹೃದಯಾಘಾತದಿಂದ, ಆದರೆ ಹೃದಯದ ಮಾತ್ರೆ ಮಂಚದ ಪಕ್ಕದಲ್ಲೇ ಇತ್ತು, ಮುಟ್ಟಿರಲಿಲ್ಲ. ಫೋನು ಕೈಯಳತೆಯಲ್ಲಿತ್ತು. ಆಂಬುಲೆನ್ಸ್ ಬಂದಿದ್ದರೆ ಉಳಿಯುತ್ತಿದ್ದಳು.

ನಮ್ಮವರೊಬ್ಬರು ಆಕೆಯನ್ನು ಎತ್ತಿ ನೆಲದ ಮೇಲೆ ಮಲಗಿಸಿ, ಫೋನ್ ಮಾಡುವ ಬದಲು, ಬಾಯಿಗೆ ನೀರು ಬಿಡುತ್ತಾ ಕೂತಿದ್ದರು. ಊರಿನಲ್ಲಿ ಅದು ಪುಣ್ಯದ ಕೆಲಸ. ಇಲ್ಲಿ ಅದಕ್ಕೆ ಮಾರಿಸೋಲ್ ಜೈಲಿಗೆ ಹೋಗುತ್ತಾಳೆ.

ದಾರಿಯಲ್ಲಿ ನಮ್ಮ ದೇಶದವರ ಅಂಗಡಿಗಳೇ ತುಂಬಿದ ಆರ್ಟೀಷಿಯಾ ಸಿಕ್ಕಿತು. ಬಂದದ್ದೇ ಬಂದೆ, ಒಗ್ಗರಣೆಗೆ ಕರಿಬೇವಿಲ್ಲ ಎಂದು ಗುಜರಾತಿಯವನ ಅಂಗಡಿಗೆ ನುಗ್ಗಿದೆ. ಸೊಪ್ಪು ಹೊಸದಾಗಿತ್ತು. ಹೋದ ತಿಂಗಳು ಒಂದು ಶನಿವಾರ ನಮ್ಮನೆಯವರು ಬಂದಾಗ ಇರಲಿಲ್ಲವಂತಲ್ಲ, ಅಷ್ಟು ದೂರದಿಂದ ಬಂದು ಬರಿಗೈಲಿ ಹೋದರು ಎಂದು ಆಕ್ಷೇಪಿಸಿದೆ. ಕರಿಬೇವು ಪ್ರತಿ ಶುಕ್ರವಾರ ತಪ್ಪದೆ ಬರುತ್ತದೆ, ಶನಿವಾರ ಇಲ್ಲ ಅನ್ನುವ ಮಾತೇ ಇಲ್ಲ ಎಂದು ಅವನು ನನಗೇ ತಿರುಗಿಸಿ ಹೇಳಿದ. ಈ ಗಂಡಸರಿಗೆ ಕಣ್ಣೆದುರಿಗಿದ್ದದ್ದು ಕಾಣುವುದಿಲ್ಲ ಅಂದುಕೊಂಡು ಚೀಲ ಕಾರಿಗೆ ಹಾಕಿದೆ.

*

ಉಮಕ್ಕ ಬಾಗಿಲು ತೆಗೆದವರೇ, ಬಾ ಮಾರಾಯ್ತಿ ಎಂದು ಒಳಗೆ ಕರೆದು ಗ್ಯಾಸಿನ ಮೇಲೆ ಹಾಲಿಟ್ಟರು. ಕಿಟಕಿಯಾಚೆ ಸಮುದ್ರ ಕಾಣುತ್ತಿತ್ತು. ನಾನು ಕೂರಲಿಲ್ಲ.

"ಕೃಷ್ಣರಾಜರು ಎಲ್ಲಿ ಉಮಕ್ಕ?"

"ಹಡಗಲ್ಲಿ. ಸಂಕ್ರಾಂತಿಗಿಂತ ಮೊದಲು ಹೋದವರು. ಇನ್ನು ಬರುವುದು ಯುಗಾದಿಗೇ."

ಕುರ್ಚಿ ಎಳೆದು ಕೂತೆ. ದೊಡ್ಡ ವಿಜ್ಞಾನಿ ನಡು ಸಮುದ್ರದಲ್ಲಿದ್ದಾರೆ. ಅಷ್ಟು ದೂರ ಕಾರಿನಲ್ಲಿ ಅವರನ್ನು ಕೊಲೆಗಡುಕ ಮಾಡಿಕೊಂಡು ಬಂದಿದ್ದೆ. ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಆದರೆ ಹಾಗಾದರೆ ಉಳಿದದ್ದು ಉಮಕ್ಕ ಒಬ್ಬರೇ.

ಫೋಟೋವನ್ನು ಮೇಜಿನ ಮೇಲಿಟ್ಟೆ. ಅವರು ಬಗ್ಗಿ ನೋಡಿದರು. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಆರಿಸಲು ಇಬ್ಬರೂ ಏಳಲಿಲ್ಲ.

"ಈ ದಾರ ನಿಮ್ಮ ಹೂಬತ್ತಿಯ ಹತ್ತಿಯಿಂದ ಹೊಸೆದದ್ದು" ಎಂದೆ. "ನವರಾತ್ರಿಗೆ ನನ್ನ ಪಕ್ಕ ಕೂತು ಇದೇ ಥರ ಹೊಸೆದಿದ್ದೀರಿ. ನಾನು ಪೊಲೀಸ್ ಅಲ್ಲ ಉಮಕ್ಕ. ಆದ್ರೆ ಸೋಮವಾರದಿಂದ ಕೋರ್ಟಲ್ಲಿ ಮಾರಿಸೋಲ್ ವಿಚಾರಣೆ ಶುರು. ಗಡಿಯಾಚೆ ಟಿಹ್ವಾನಾದಲ್ಲಿ ಅವಳಿಗೆ ಎರಡು ಮಕ್ಕಳಿವೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು.

"ಕಟ್ಟಿದ್ದು ನಾನೇ" ಎಂದರು. "ಎಂತ ಮಾಡ್ಲಿ? ಮಧ್ಯಾಹ್ನ ಸಾರು ಅನ್ನ ತಗೊಂಡು ಹೋದೆ. ಬಾಗಿಲು ಓರೆ ಮಾಡಿ ಇಟ್ಟಿತ್ತು. ಅಜ್ಜಿ ನೆಲದಲ್ಲಿ ಮಲಗಿದ್ರು, ಜೀವ ಹೋಗಿತ್ತು. ಮೈ ಇನ್ನೂ ಬಿಸಿ ಉಂಟು. ಕಾಲು ಅಲ್ಲೊಂದು ಇಲ್ಲೊಂದು ಚಾಚಿಕೊಂಡಿತ್ತು. ನೋಡ್ಲಿಕ್ಕೆ ಆಗ್ಲಿಲ್ಲ ನಂಗೆ. ದಿಕ್ಕಿಲ್ಲದವರ ಹಾಗೆ ಬಿಟ್ಟು ಬರುವುದು ಹೇಗೆ?"

ಹತ್ತಿ ತಂದು ಬೆರಳು ಕಟ್ಟಿದರು. ಒಂದು ಬತ್ತಿ ಹಚ್ಚಿದರು. ಬಾಗಿಲು ಎಳೆದುಕೊಂಡರು, ಅದು ತಾನೇ ಲಾಕ್ ಆಯಿತು. ಕೆಳಗೆ ಬಂದು ತಲೆಗೆ ನೀರು ಹಾಕಿಕೊಂಡರು.

ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ಮುಖ ಕೆಂಪಾಯಿತು. ಆ ಸಂಜೆ ಸಂಘದಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಪಾದ ಭಕ್ಷ್ಯ ಮಾಡುವ ಜವಾಬ್ದಾರಿ ಉಮಕ್ಕನದು. ಹೆಣ ಮುಟ್ಟಿ ಬಂದ ಕೈಯಲ್ಲಿ ರವೆ ಹುರಿದು ಪ್ರಸಾದ ಮಾಡಿದ್ದರು. ಇಡೀ ಸಂಘ ಕಣ್ಣಿಗೊತ್ತಿಕೊಂಡು ತಿಂದಿತ್ತು. ನಾನಂತೂ ಎರಡು ಸಲ ಕೇಳಿ ಹಾಕಿಸಿಕೊಂಡಿದ್ದೆ.

"ಆಗುವುದಿಲ್ಲ ಅಂತ ಫೋನ್ ಮಾಡಿದ್ರೆ ಯಾಕೆ ಅಂತ ಕೇಳ್ತಿದ್ರು. ಎಂತ ಹೇಳುವುದು? ಒಂದು ಸಲ ಮುಚ್ಚಿಟ್ಟೆ. ಆಮೇಲೆ ಬಾಯಿ ಬಿಡ್ಲಿಕ್ಕೆ ಮುಖ ಉಂಟಾ ನಂಗೆ? ಮಾರಿಸೋಲನ್ನು ಹಿಡ್ಕೊಂಡು ಹೋದದ್ದು ಟಿವಿಯಲ್ಲಿ ನೋಡಿದ ಮೇಲೆ ಅನ್ನ ಗಂಟಲಲ್ಲಿ ಇಳೀತಾ ಇಲ್ಲ."

ಪ್ರಸಾದಕ್ಕಾಗಿ ಒಬ್ಬ ಹೆಂಗಸು ಜೈಲಿನಲ್ಲಿ ಕೂರಬೇಕಾ ಎಂದು ಬೈಯಲು ಬಾಯಿ ತೆರೆದೆ. ಕ್ಯಾರಲ್‌ಗೆ ನಾನು ಹೇಳಿದ್ದ ಸುಳ್ಳು ನೆನಪಾಯಿತು. ಬಾಯಿ ಮುಚ್ಚಿದೆ. ನಾವಿಬ್ಬರೂ ಒಂದೇ ತಕ್ಕಡಿಯಲ್ಲಿದ್ದೆವು.

"ಕೋರ್ಟಿಗೆ ಬಂದು ಹೇಳ್ತೀರಾ?"

"ಬರ್ತೇನೆ. ಕಟ್ಟಿದ್ದು ನಾನು ಅಂತ ಹೇಳ್ತೇನೆ. ಆದ್ರೆ ಭಾನು, ಇಳಿಸಿದ್ದು ನಾನಲ್ಲ. ನನ್ನ ಸೊಂಟ ನಿಂಗೆ ಗೊತ್ತುಂಟಲ್ಲ. ಒಂದು ಬಕೆಟು ಎತ್ತಲಿಕ್ಕೆ ಆಗುವುದಿಲ್ಲ ನಂಗೆ."

ಅದು ನಿಜವೇ. ಪೂಜೆಯ ದಿನ ಪಾತ್ರೆ ಎತ್ತಿದ್ದು ನಾವು. ಕಾಲ್ಬೆರಳು ಕಟ್ಟಿದ್ದು ಅಪರಾಧವಲ್ಲ. ಅದಕ್ಕೆ ಮೊದಲು ಒಬ್ಬರು ಎತ್ತಿ ಮಲಗಿಸಿ, ನೀರು ಬಿಟ್ಟು, ಸಾಯುವ ತನಕ ಸುಮ್ಮನೆ ನೋಡಿದ್ದರಲ್ಲ, ಆ ಒಬ್ಬರು ಸಿಗದಿದ್ದರೆ ಮಾರಿಸೋಲ್ ಹೊರಗೆ ಬರುವುದಿಲ್ಲ.

"ಹಾಗಾದ್ರೆ ತುಳಸಿ?" ಎಂದೆ. "ನೀವು ಹೋಗೋಕೆ ಮುಂಚೆನೇ ಬಾಯಿಗೆ ನೀರು ಬಿಟ್ಟಿದ್ರಾ? ನಿಮ್ಮ ಗಿಡದಿಂದ ಯಾರು ಕಿತ್ಕೊಂಡು ಹೋದ್ರು? ನಾನು ಕೊಟ್ಟಿದ್ದ ಗಿಡ ಎಲ್ಲಿದೆ?"

ಉಮಕ್ಕ ಎದ್ದು ಬಾಲ್ಕನಿಯ ಬಾಗಿಲು ಸರಿಸಿದರು. ಮೂಲೆಯಲ್ಲಿ ನಾನು ಕೊಟ್ಟಿದ್ದ ನೀಲಿ ಕುಂಡ ಇತ್ತು. ಅದರಲ್ಲಿ ಕೊತ್ತಂಬರಿ ಸೊಪ್ಪು ಬೆಳೆದಿತ್ತು.

"ದೀಪಾವಳಿ ಕಳೆದ ವಾರವೇ ಒಣಗಿ ಹೋಯ್ತು" ಎಂದರು. "ಮನೆಯಲ್ಲಿ ತುಳಸಿ ಒಣಗಿತು ಅಂತ ಯಾರ ಹತ್ರ ಹೇಳ್ಕೊ‍ಳ್ಳುವುದು? ನೀನು ಅಷ್ಟು ಪ್ರೀತಿಯಲ್ಲಿ ಕೊಟ್ಟದ್ದು. ನಾಚಿಕೆ ಆಯ್ತು. ನೀನು ಕೇಳಿದಾಗೆಲ್ಲ ಚೆನ್ನಾಗಿ ಉಂಟು ಅಂದೆ."

ನಾನು ಕೊತ್ತಂಬರಿಯನ್ನು ನೋಡುತ್ತ ನಿಂತೆ. ಇಡೀ ಊರಿನಲ್ಲಿ ಕೃಷ್ಣ ತುಳಸಿ ಇದ್ದದ್ದು ಎರಡು ಮನೆಯಲ್ಲಿ. ಈಗ ಒಂದೇ.

ಮೆಟ್ಟಿಲಲ್ಲಿ ಯಾರನ್ನಾದರೂ ಕಂಡಿರಾ, ಹೊರಗೆ ಯಾವುದಾದರೂ ಕಾರು ಇತ್ತಾ ಎಂದು ಕೇಳಿದೆ. ನನ್ನ ಸ್ವರ ನನಗೇ ಬೇರೆಯವರದ್ದೆನಿಸಿತು. ಉಮಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ಭಯ ಇರಲಿಲ್ಲ, ಕನಿಕರ ಇತ್ತು. ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

"ಇನ್ನು ನನ್ನ ಕೇಳ್ಬೇಡ" ಎಂದರು. "ಮನೆಗೆ ಹೋಗು, ಭಾನು."

*

ರ್ಯಾಂಚೊ ಪೆನಾಸ್ಕಿಟೋಸಿನ ನಮ್ಮ ಮನೆಗೆ ಹೇಗೆ ಡ್ರೈವ್ ಮಾಡಿಕೊಂಡು ಬಂದೆನೋ ಗೊತ್ತಿಲ್ಲ. ಇನ್ನೂ ಬೆಳಕಿತ್ತು. ಎದುರು ಮನೆಯವರು ಹುಲ್ಲು ಕತ್ತರಿಸುತ್ತಿದ್ದರು, ಕೈ ಬೀಸಿದರು, ನಾನೂ ಬೀಸಿದೆ.

ಗ್ಯಾರೇಜಿನ ಬಾಗಿಲೆತ್ತಿದೆ. ಟ್ಯೂಬ್‌ಲೈಟಿನ ಕೆಳಗೆ ತುಳಸಿ ತನ್ನ ಪಾಡಿಗೆ ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಇದಕ್ಕೆ ನೀರು ಹಾಕುವುದು ನಾನು, ಪ್ರದಕ್ಷಿಣೆ ಬರುವುದು ನಾನು. ಕೀಳುವುದು ನಾನಲ್ಲ. ಹೆಂಗಸರು ತುಳಸಿ ಕೀಳಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಅವರು ತೀರಿಕೊಂಡಮೇಲೂ ಅದನ್ನು ಮೀರಿಲ್ಲ. ಮಗಳು ನಿಕಿತಾಳಿಗೆ ಇದು ಯಾವ ಗಿಡ ಅನ್ನುವುದೂ ನೆಟ್ಟಗೆ ಗೊತ್ತಿಲ್ಲ. ಈ ಮನೆಯಲ್ಲಿ ತುಳಸಿ ಕೀಳುವ ಕೈ ಒಂದೇ.

ಆ ಶನಿವಾರ ಆರ್ಟೀಷಿಯಾಕ್ಕೆ ಹೋಗಿ ಬರುತ್ತೇನೆ ಎಂದು ಹೊರಟ ಕೈ. ಕರಿಬೇವು ಇರಲಿಲ್ಲ ಎಂದು ಬರಿದಾಗಿ ಬಂದ ಕೈ. ಅದಕ್ಕೂ ಮುಂಚೆ ಎಷ್ಟೋ ಶನಿವಾರ ಆಫೀಸಿನಲ್ಲಿ ಕೆಲಸ ಇದೆ ಎಂದು ಹೋದದ್ದೂ ನೆನಪಾಯಿತು. ನಾನು ನಕ್ಕಮೇಲೆ, ಮಾತು ಮರೆಯದ ಹಾಗೆ ಹೆಡ್ಡಾಳ ಹತ್ತಿರ ಕಲಿಯಲು ಹೋಗುತ್ತಿದ್ದರೋ ಏನೋ. ಕಂಡವರ ಮನೆ ಜಾಲಾಡುವ ನಾನು ನನ್ನ ಮನೆಯಲ್ಲಿ ಏನನ್ನೂ ಕೇಳಿರಲಿಲ್ಲ.

ಗ್ಯಾರೇಜಿನಿಂದ ಅಡುಗೆಮನೆಗೆ ಹೋಗುವ ಬಾಗಿಲು ತೆರೆದೇ ಇತ್ತು. ನಮ್ಮನೆಯವರು ಕಾಫಿ ಸೋಸುತ್ತಿದ್ದರು. ನನ್ನ ಕಾಲ ಸಪ್ಪಳ ಕೇಳಿ ಎರಡನೆಯ ಲೋಟ ತೆಗೆದರು. ಇಷ್ಟು ಒಳ್ಳೆಯ ಗಂಡಸು ಇವರು. ದೇವರೇ, ಇದು ಸುಳ್ಳಾಗಲಿ ಎಂದು ಬೇಡಿಕೊಂಡೆ.

ಹೊಸ್ತಿಲ ಮೇಲೆ ನಿಂತು ಚೀಲ ತೋರಿಸಿದೆ.

"ಕರಿಬೇವು ಸಿಕ್ತು ರೀ" ಎಂದೆ. "ಪ್ರತಿ ಶುಕ್ರವಾರ ತಪ್ಪದೆ ಬರುತ್ತಂತೆ."

ಅವರು ತಿರುಗಿ ಚೀಲ ನೋಡಿದರು. ನನ್ನ ಮುಖ ನೋಡಿದರು. ನಾಟಕದ ದಿನ ನಿಂತಿದ್ದ ಹಾಗೆಯೇ ನಿಂತರು, ತುಟಿ ಅಲುಗಿತು, ಮಾತು ಬರಲಿಲ್ಲ. ನಾನು ಕಾದೆ. ಈ ಸಲ ಪಿಸುಗುಟ್ಟಿ ಹೇಳಿಕೊಡಲು ಸೈಡ್ ವಿಂಗಿನಲ್ಲಿ ಯಾರೂ ಇರಲಿಲ್ಲ.

"ಅವ್ರು ನೀರು ನುಂಗಿದ್ರಂತೆ" ಎಂದೆ. "ಜೀವ ಇತ್ತಂತೆ."

"ಇತ್ತು" ಎಂದರು. ಆಮೇಲೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು, ಒಂದೇ ಉಸಿರಿನಲ್ಲಿ ಹೇಳಿದರು. "ನೆಲಕ್ಕೆ ಇಳಿಸು ಅಂದಿದ್ದು ಅವ್ರೇ. ಮಾತ್ರೆ ಬೇಡ ಅಂದ್ರು. ಫೋನಿಗೆ ಕೈ ಚಾಚಿದೆ, ಕೈ ಹಿಡ್ಕೊಂಡ್ರು. ರೂತ್‌ಗೆ ಮಾಡಿದ್ದು ಸಾಯೋವಾಗ್ಲಾದ್ರೂ ತೊಳ್ಕೋಬೇಕು, ನಿಮ್ಮೂರಲ್ಲಿ ನೀರು ಬಿಡ್ತೀರಂತಲ್ಲ, ಬಿಡು ಅಂದ್ರು. ತುಳಸಿ ನೀರಿನ ವಿಷಯ ಅವ್ರಿಗೆ ಹೇಳಿದ್ದು ನಾನೇ ಭಾನು. ಎಲೆ ಕೂಡ ಅವ್ರು ಕೇಳಿದ್ರು ಅಂತ ಅವತ್ತು ಬೆಳಿಗ್ಗೆನೇ ಕಿತ್ಕೊಂಡು ಹೋಗಿದ್ದೆ. ಇಷ್ಟು ಬೇಗ ಬೇಕಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಒಂದು ಕಡೆಯೂ ತೊದಲಲಿಲ್ಲ. ನಾಟಕದಲ್ಲಿ ನಾಲ್ಕು ಮಾತು ನೆನಪಿಡಲಾಗದ ಮನುಷ್ಯ ಇಷ್ಟನ್ನೂ ತಪ್ಪಿಲ್ಲದೆ ಹೇಳಿದರು. ಸತ್ಯವಾದದ್ದರಿಂದ ತೊದಲಲಿಲ್ಲವೋ, ಇಷ್ಟು ದಿನ ಕೂತು ಬಾಯಿಪಾಠ ಮಾಡಿದ್ದರಿಂದಲೋ. ಧಾಟಿ ಕೇಳಿಯೇ ಸುಳ್ಳು ಹಿಡಿಯುತ್ತಿದ್ದವಳು ಒಬ್ಬಳಿದ್ದಳು. ಅವಳು ಈಗ ಇಲ್ಲ.

"ಮಾರಿಸೋಲನ್ನ ಹಿಡಿದಾಗ ಯಾಕ್ರೀ ಸುಮ್ನಿದ್ರಿ?"

ಅವರು ತಲೆ ತಗ್ಗಿಸಿದರು. ಕಾಫಿ ಲೋಟದ ಮೇಲೆ ಕೆನೆ ಕಟ್ಟುತ್ತಿತ್ತು.

ಫೋನ್ ಬಡಿದುಕೊಂಡಿತು. ಹೊಸ್ತಿಲ ಪಕ್ಕದ ಗೋಡೆಯ ಮೇಲೆಯೇ ಇತ್ತು, ಕೈ ಚಾಚಿ ತೆಗೆದೆ. ಕ್ಯಾರಲ್.

ಮಾರಿಸೋಲ್ ಸೋತುಹೋಗಿದ್ದಾಳೆ ಎಂದಳು ಕ್ಯಾರಲ್. ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಮಾಡುತ್ತೇವೆ ಎಂದು ಸರ್ಕಾರದ ಲಾಯರ್ ಹೇಳಿ ಕಳಿಸಿದ್ದಾನೆ. ನಾಳೆ ಬೆಳಿಗ್ಗೆ ಸಹಿ ಹಾಕುತ್ತಾಳೆ. ಮಾಡದ ತಪ್ಪಿಗೆ ಸಹಿ ಹಾಕಬೇಡ ಎಂದು ಎಷ್ಟು ಹೇಳಿದರೂ, ಮಾಡಿದವರು ಎಲ್ಲಿದ್ದಾರೆ ತೋರಿಸು ಎಂದು ಅಳುತ್ತಾಳೆ.

"ಬೇರೇನೂ ಬೇಡ, ಭಾನು" ಎಂದಳು. "ಇವತ್ತು ರಾತ್ರಿಯೊಳಗೆ ನನಗೆ ಒಂದು ಹೆಸರು ಬೇಕು."

ಇಂಗ್ಲಿಷಿನವರ ಹತ್ತಿರ ಮೈ ಹಸ್ಬೆಂಡ್ ಅಂದಿದ್ದೇನೆ, ನಮ್ಮವರ ಹತ್ತಿರ ನಮ್ಮನೆಯವರು ಅಂದಿದ್ದೇನೆ, ಎದುರಿಗೆ ರೀ ಅಂದಿದ್ದೇನೆ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲು ತಡೆದು, ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತೇವೆ ಎಂದು ಸತಾಯಿಸಿದ್ದರು. ನಾಚಿಕೊಂಡು, ತಲೆ ತಗ್ಗಿಸಿ, ಜಯಂತ ಎಂದು ಹೇಳಿ ಒಳಗೆ ಬಂದಿದ್ದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

"ಭಾನು, ಇದ್ದೀಯಾ?" ಎಂದಳು ಕ್ಯಾರಲ್.

ಇವರು ಕೈ ಚಾಚಿದರು. ಫೋನು ನನಗೆ ಕೊಡು ಅನ್ನುವುದಕ್ಕೋ, ಕೆಳಗಿಡು ಅನ್ನುವುದಕ್ಕೋ ತಿಳಿಯಲಿಲ್ಲ. ನಾನು ಫೋನು ಕೊಡಲಿಲ್ಲ, ಇಡಲೂ ಇಲ್ಲ. ಹೊಸ್ತಿಲ ಮೇಲೆ ನಿಂತುಕೊಂಡೇ, ಎರಡನೆಯ ಸಲ ಆ ಹೆಸರು ಹೇಳಲು ಬಾಯಿ ತೆರೆದೆ.